ಆರನೇ ಲೆವೆಲ್‌ನಲ್ಲಿ ಒಂದೇ ಒಂದು ಮಂತ್ರ: ಬಾಲ್ಡರ್ಸ್ ಗೇಟ್ ಅನ್ನು ಸಾರ್ಸರರ್ ಆಗಿ ಆಡಿ ನೋಡಿದ ಮೇಲೆ

ಬಾಲ್ಡರ್ಸ್ ಗೇಟ್ ಎಂಬ ಕಂಪ್ಯೂಟರ್ ಆಟದಲ್ಲಿ ನನ್ನ ಸಾರ್ಸರರ್, ಅಂದರೆ ಮಂತ್ರ ಹಾಕುವ ಪಾತ್ರ, ಆರನೇ ಲೆವೆಲ್‌ಗೆ ಬಂದ ರಾತ್ರಿ ನಾನು ಅರ್ಧ ಗಂಟೆ ಒಂದೇ ಪರದೆಯನ್ನು ನೋಡುತ್ತಾ ಕೂತಿದ್ದೆ. ಮೂರನೇ ಹಂತದ ಮಂತ್ರಗಳ ಪಟ್ಟಿ ಎದುರಿಗಿತ್ತು (ಲೆವೆಲ್ ಪಾತ್ರದ್ದು, ಹಂತ ಮಂತ್ರದ್ದು). ಫೈರ್‌ಬಾಲ್, ಲೈಟ್ನಿಂಗ್ ಬೋಲ್ಟ್, ಹೇಸ್ಟ್, ಸ್ಲೋ, ಸ್ಕಲ್ ಟ್ರ್ಯಾಪ್. ಎಲ್ಲವೂ ಬೇಕು ಅನ್ನಿಸುತ್ತಿತ್ತು. ಆರಿಸಿಕೊಳ್ಳಲು ಸಿಗುವುದು ಒಂದೇ ಒಂದು. ಒಮ್ಮೆ ಆರಿಸಿದರೆ ಆಟ ಮುಗಿಯುವವರೆಗೂ ಅದೇ. ಹಿಂದೆ ಹೋಗಿ ಬದಲಾಯಿಸುವ ದಾರಿ ಇಲ್ಲ.

ಬಾಲ್ಡರ್ಸ್ ಗೇಟ್ ಮೊದಲು ಬಂದದ್ದು 1998ರಲ್ಲಿ. ಬಯೋವೇರ್ ಮಾಡಿದ ಆಟ. ಎರಡನೇ ಭಾಗ 2000ದಲ್ಲಿ ಬಂತು. ನಾನು ಈ ಸಲ ಆಡಿದ್ದು 2012ರಲ್ಲಿ ಬಂದ ಎನ್‌ಹ್ಯಾನ್ಸ್ಡ್ ಎಡಿಷನ್, ಆಮೇಲೆ ಅದೇ ಪಾತ್ರವನ್ನು ಎರಡನೇ ಭಾಗಕ್ಕೂ ತೆಗೆದುಕೊಂಡು ಹೋದೆ. ಹಳೆಯ ಮೊದಲ ಭಾಗದಲ್ಲಿ ಸಾರ್ಸರರ್ ಎಂಬ ವರ್ಗವೇ ಇರಲಿಲ್ಲ. ಅದು ಎರಡನೇ ಭಾಗದ ಜೊತೆ ಬಂದದ್ದು. ಹೊಸ ಆವೃತ್ತಿಯಲ್ಲಿ ಮೊದಲಿನಿಂದಲೇ ಸಾರ್ಸರರ್ ಆಗಿ ಆಡಬಹುದು. ನನಗೆ ಹೊಸ ಆವೃತ್ತಿಯ ಚಿತ್ರ, ಪರದೆಯ ಅಳತೆ ಇವೆಲ್ಲಕ್ಕಿಂತ ದೊಡ್ಡ ಲಾಭ ಅನ್ನಿಸಿದ್ದು ಇದೇ. ಅದಕ್ಕೇ ಈ ವಿಮರ್ಶೆಯಲ್ಲಿ ಕಥೆ, ಸಂಗೀತ, ಗೆಳೆಯರ ಮಾತುಕತೆ ಯಾವುದನ್ನೂ ಮುಟ್ಟುತ್ತಿಲ್ಲ. ಮಂತ್ರ ಆರಿಸುವ ವಿಷಯ ಮಾತ್ರ.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಮಂತ್ರ ಹಾಕುವವರಲ್ಲಿ ಮುಖ್ಯವಾಗಿ ಎರಡು ಬಗೆ. ಮೇಜ್ ಆದರೆ ಸಿಕ್ಕ ಮಂತ್ರದ ಸುರುಳಿಗಳನ್ನೆಲ್ಲ ತನ್ನ ಪುಸ್ತಕಕ್ಕೆ ಬರೆದುಕೊಳ್ಳುತ್ತಾನೆ. ಬುದ್ಧಿ 18 ಇದ್ದರೆ ಬರೆಯುವುದು ಫಲಿಸುವ ಸಾಧ್ಯತೆ ನೂರಕ್ಕೆ 85. ತಪ್ಪಿದರೆ ಸುರುಳಿ ಹೋಯಿತು. ಆಮೇಲೆ ದಿನಾ ಮಲಗುವ ಮೊದಲು ನಾಳೆಗೆ ಯಾವ ಮಂತ್ರ ಬೇಕು ಅಂತ ತುಂಬಿಕೊಳ್ಳಬೇಕು. ಇವತ್ತಿನ ಆಯ್ಕೆ ತಪ್ಪಾದರೆ ನಾಳೆ ಸರಿ ಮಾಡಿಕೊಳ್ಳಬಹುದು. ಸಾರ್ಸರರ್‌ಗೆ ಪುಸ್ತಕ ಇಲ್ಲ, ತುಂಬಿಕೊಳ್ಳುವ ಕೆಲಸವೂ ಇಲ್ಲ. ಗೊತ್ತಿರುವ ಮಂತ್ರಗಳಲ್ಲಿ ಯಾವುದನ್ನು ಬೇಕಾದರೂ, ದಿನದ ಲೆಕ್ಕ ಮುಗಿಯುವವರೆಗೆ ಹಾಕುತ್ತಾ ಹೋಗಬಹುದು. ಆದರೆ ಗೊತ್ತಿರುವುದೇ ಬೆರಳೆಣಿಕೆಯಷ್ಟು. ಶುರುವಿನಲ್ಲಿ ಎರಡು. ನಾಲ್ಕನೇ ಲೆವೆಲ್‌ಗೆ ಬಂದಾಗ ಎರಡನೇ ಹಂತದ್ದು ಒಂದು. ಆರನೇ ಲೆವೆಲ್‌ನಲ್ಲಿ ಮೂರನೇ ಹಂತದ್ದು ಒಂದು. ಮೊದಲ ಹಂತದಲ್ಲಿ ಕೊನೆಗೂ ಕಲಿಯಲು ಸಿಗುವುದು ಐದೇ.

ಹಾಗಾಗಿ ಮೇಜ್ ಆಗಿ ಆಡಿದಾಗ ಒಂದು ಸಲವೂ ಎದುರಾಗದ ಪ್ರಶ್ನೆ ಸಾರ್ಸರರ್ ಆದಾಗ ಮತ್ತೆ ಮತ್ತೆ ಎದುರಾಗುತ್ತದೆ. ಈ ಮಂತ್ರ ಬಲವಾದದ್ದಾ ಅನ್ನುವುದಲ್ಲ ಪ್ರಶ್ನೆ. ಈ ಕೆಲಸ ಮಾಡುವವರು ನನ್ನ ಪಾರ್ಟಿಯಲ್ಲಿ, ಅಂದರೆ ಜೊತೆಗಾರರ ಗುಂಪಿನಲ್ಲಿ, ಬೇರೆ ಯಾರಾದರೂ ಇದ್ದಾರಾ ಅನ್ನುವುದು. ನನಗೆ ಇದು ಹೊಳೆದದ್ದು ತಡವಾಗಿ. ಹೊಳೆದ ಮೇಲೆ ಆಟವೇ ಬೇರೆ ಥರ ಕಾಣಿಸಿತು.

ಹಿಂದೊಮ್ಮೆ ಇದೇ ಆಟವನ್ನು ಮೇಜ್ ಆಗಿ ಶುರು ಮಾಡಿದಾಗ ನಾನು ಬರ್ನಿಂಗ್ ಹ್ಯಾಂಡ್ಸ್ ತೆಗೆದುಕೊಂಡಿದ್ದೆ. ಕೈಯಿಂದ ಬೆಂಕಿ ಬರುತ್ತದೆ, ಸುಡುತ್ತದೆ, ಸಾಕಲ್ಲ ಅಂತ. ಆದರೆ ಬೆಂಕಿ ತಗಲಬೇಕಾದರೆ ಶತ್ರುವಿನ ಹತ್ತಿರ ಹೋಗಬೇಕು. ಈ ಆಟದ ನಿಯಮದಲ್ಲಿ ಮೇಜ್‌ಗೆ ಒಂದು ಲೆವೆಲ್‌ಗೆ ನಾಲ್ಕು ಮುಖದ ದಾಳದ ಜೀವ, ಅಂದರೆ ಒಂದರಿಂದ ನಾಲ್ಕು ಅಂಕ. ಮೊದಲ ಲೆವೆಲ್‌ನಲ್ಲಿ ಒಂದು ತೋಳ ಬಂದು ಎರಡು ಸಲ ಕಚ್ಚಿದರೆ ಮುಗಿಯಿತು. ಕಥೆ ಶುರುವಾಗುವ ಕ್ಯಾಂಡಲ್‌ಕೀಪ್ ಬಿಟ್ಟು ಹೊರಗೆ ಬಂದ ಹೊಸದರಲ್ಲಿ ಇದೇ ಆಗುತ್ತಿತ್ತು, ಮತ್ತೆ ಮತ್ತೆ.

ಈ ಸಲ ಮೊದಲ ಎರಡು ಮಂತ್ರ ಸ್ಲೀಪ್ ಮತ್ತು ಮ್ಯಾಜಿಕ್ ಮಿಸೈಲ್. ಸ್ಲೀಪ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅದರಿಂದ ಶತ್ರುವಿನ ಮೈಗೆ ಒಂದು ಗೀರೂ ಬೀಳುವುದಿಲ್ಲ. ಆದರೆ ನಾಷ್ಕೆಲ್ ಗಣಿಯಲ್ಲಿ ಕೋಬೋಲ್ಡ್‌ಗಳ ಗುಂಪು ಕತ್ತಲಿಂದ ಬಾಣ ಬಿಡುತ್ತಿರುವಾಗ ಈ ಒಂದು ಮಂತ್ರ ಇಡೀ ಗುಂಪನ್ನು ಮಲಗಿಸುತ್ತದೆ. ಮಲಗಿದವರ ಮೇಲೆ ನಮ್ಮ ಏಟು ತಪ್ಪುವುದೇ ಇಲ್ಲ. ಫೈಟರ್‌ಗಳು ಹೋಗಿ ಒಬ್ಬೊಬ್ಬರನ್ನೇ ಮುಗಿಸಿ ಬರುತ್ತಾರೆ. ಹತ್ತು ಬಾಣ ಬರಬೇಕಾದ ಕಡೆ ಒಂದೂ ಬರಲಿಲ್ಲ. ಆ ಗಣಿಯನ್ನು ನಾನು ಹಿಂದೆ ಎಷ್ಟು ಸಲ ಅರ್ಧಕ್ಕೆ ಬಿಟ್ಟು ವಾಪಸು ಬಂದು ಮಲಗಿದ್ದೇನೋ, ಈ ಸಲ ಹೆಚ್ಚು ಕಷ್ಟವಿಲ್ಲದೆ ಮುಗಿಯಿತು. ಇದು ಈ ಆಟದ್ದೇ ಗುಟ್ಟೂ ಅಲ್ಲ. 1981ರ ವಿಜರ್ಡ್ರಿ ಆಟದಲ್ಲೂ ಮೊದಲ ಹಂತದಲ್ಲಿ ಬೆಂಕಿಯ ಹಲಿಟೋ ಇತ್ತು, ಮಲಗಿಸುವ ಕಟಿನೋ ಇತ್ತು. ಒಬ್ಬನನ್ನು ಸುಡುವುದಕ್ಕಿಂತ ಗುಂಪನ್ನೇ ಮಲಗಿಸುವುದು ಅಲ್ಲೂ ಮೇಲು.

ಮ್ಯಾಜಿಕ್ ಮಿಸೈಲ್ ನೋಡಲು ಸಾಧಾರಣ. ಒಂದು ಬಾಣಕ್ಕೆ 2ರಿಂದ 5 ಪೆಟ್ಟು. ಎರಡು ಲೆವೆಲ್‌ಗೆ ಒಂದು ಬಾಣ ಜಾಸ್ತಿ ಆಗುತ್ತದೆ, ಒಂಬತ್ತನೇ ಲೆವೆಲ್‌ಗೆ ಐದು. ಆದರೆ ಅದು ಗುರಿ ತಪ್ಪುವುದಿಲ್ಲ, ಮತ್ತು ಹಾಕಲು ತಗಲುವ ಸಮಯ ತುಂಬಾ ಕಡಿಮೆ. ಮಂತ್ರ ಹೇಳುತ್ತಿರುವವನಿಗೆ ಸಣ್ಣ ಪೆಟ್ಟು ಬಿದ್ದರೂ ಮಂತ್ರ ಕೆಡುತ್ತದೆ. ಅದರ ನಿಜವಾದ ಬೆಲೆ ಇರುವುದು ಅಲ್ಲಿ. ಫ್ರೆಂಡ್ಲಿ ಆರ್ಮ್ ಇನ್ನಿನ ಮೆಟ್ಟಿಲ ಮೇಲೆ ಟಾರ್ನೇಶ್ ಎಂಬ ಮಂತ್ರವಾದಿ ಕಾಯುತ್ತಾ ಇರುತ್ತಾನೆ. ಹೆಸರು ಕೇಳುತ್ತಾನೆ, ನೀವೇ ಅಂತ ಖಾತ್ರಿ ಆದ ಕೂಡಲೇ ಮೈಮೇಲೆ ಬೀಳುತ್ತಾನೆ. ಅವನ ಹಾರರ್ ಮಂತ್ರ ಬಿದ್ದರೆ ನಮ್ಮವರೆಲ್ಲ ದಿಕ್ಕಾಪಾಲಾಗಿ ಓಡುತ್ತಾರೆ. ಹೊಸಬರಲ್ಲಿ ಎಷ್ಟೋ ಜನರ ಆಟ ಅಲ್ಲೇ ಮುಗಿದಿರುತ್ತದೆ. ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ, ಅವನ ಕೈ ಎತ್ತುವುದನ್ನು ನೋಡಿ, ಆಗ ಬಾಣ ಬಿಡಬೇಕು.

ಇಲ್ಲೊಂದು ತಮಾಷೆಯಲ್ಲದ ಸತ್ಯ ಇದೆ. ಶುರುವಿನಲ್ಲೇ ಜೊತೆಗೂಡುವ ಇಮೋಯೆನ್ ಬರುವಾಗಲೇ ಅವಳ ಹತ್ತಿರ ಮ್ಯಾಜಿಕ್ ಮಿಸೈಲ್ ದಂಡ, ಅಂದರೆ ಆ ಮಂತ್ರ ಹಾರಿಸುವ ಕೋಲು, ಇರುತ್ತದೆ. ಟಾರ್ನೇಶ್‌ನ ಮಂತ್ರ ಕೆಡಿಸಿದ್ದು ಅವಳ ದಂಡ, ನನ್ನ ಮಂತ್ರ ಅಲ್ಲ. ಅಂದರೆ ನನ್ನ ಎರಡು ಮಂತ್ರಗಳಲ್ಲಿ ಒಂದನ್ನು ಆಟ ಆಗಲೇ ನನಗೆ ಬೇರೆ ರೂಪದಲ್ಲಿ ಕೊಟ್ಟಿತ್ತು. ಮ್ಯಾಜಿಕ್ ಮಿಸೈಲ್ ಕಲಿತದ್ದಕ್ಕೆ ಬೇಜಾರಿಲ್ಲ, ಕೊನೆಯವರೆಗೂ ಕೆಲಸಕ್ಕೆ ಬಂತು. ಆದರೆ ಯೋಚನೆ ಶುರುವಾದದ್ದು ಆಗ.

ಆಮೇಲೆ ಪ್ರತಿ ಮಂತ್ರವನ್ನೂ ಹಾಗೇ ನೋಡತೊಡಗಿದೆ. ನಾಕ್ ಎಂಬ ಮಂತ್ರ ಬೀಗ ತೆಗೆಯುತ್ತದೆ. ಇಮೋಯೆನ್ ಕಳ್ಳಿ, ಬೀಗ ತೆಗೆಯುವುದೇ ಅವಳ ಕಸುಬು. ಬೇಡ. ಐಡೆಂಟಿಫೈ, ಸಿಕ್ಕ ವಸ್ತು ಏನು ಅಂತ ಹೇಳುತ್ತದೆ. ಅಂಗಡಿಯಲ್ಲಿ 100 ಚಿನ್ನದ ನಾಣ್ಯ ಕೊಟ್ಟರೆ ಅವರೇ ಹೇಳುತ್ತಾರೆ. ಬೇಡ. ಇನ್‌ಫ್ರಾವಿಷನ್ ಮಂತ್ರದಿಂದ ಈ ಆಟದಲ್ಲಿ ಏನೂ ಉಪಯೋಗ ಕಾಣಲಿಲ್ಲ. ಪ್ರೊಟೆಕ್ಷನ್ ಫ್ರಮ್ ಪೆಟ್ರಿಫಿಕೇಷನ್ ಮಾತ್ರ ಸ್ವಲ್ಪ ಯೋಚನೆ ಮಾಡಿಸಿತು. ಬ್ಯಾಸಿಲಿಸ್ಕ್‌ಗಳು ಇರುವ ಜಾಗಕ್ಕೆ ಹೋದರೆ ಅದು ಕಾಪಾಡುತ್ತದೆ, ರಕ್ಷಣೆ ಇಲ್ಲದಿದ್ದರೆ ನೋಡಿದವರೆಲ್ಲ ಕಲ್ಲು. ಆದರೆ ಅಂಥ ಜಾಗ ಇಡೀ ಆಟದಲ್ಲಿ ಎಷ್ಟಿವೆ ಹೇಳಿ? ಸಾರ್ಸರರ್ ಸುರುಳಿಯಿಂದ ಮಂತ್ರ ಕಲಿಯಲಾರ, ನಿಜ. ಆದರೆ ಸುರುಳಿ ಓದಿ ಆ ಹೊತ್ತಿಗೆ ಹಾಕಬಹುದು. ಒಂದು ಸಲ ಬೇಕಾಗುವುದಕ್ಕೆ ಸುರುಳಿ ಸಾಕು. ಜೀವಮಾನದ ಜಾಗ ಕೊಡಬಾರದು.

ಎರಡನೇ ಹಂತದ ಮೊದಲ ಮಂತ್ರ ವೆಬ್. ಇದನ್ನು ನಾನು ಇಡೀ ಮೊದಲ ಭಾಗದ ಅತ್ಯಂತ ಒಳ್ಳೆಯ ಮಂತ್ರ ಅಂತ ಧೈರ್ಯವಾಗಿ ಹೇಳುತ್ತೇನೆ. ಒಂದು ಜಾಗದ ಮೇಲೆ ದೊಡ್ಡ ಬಲೆ ಬೀಳುತ್ತದೆ. ಒಳಗಿರುವವರು ರೌಂಡ್‌ಗೊಂದು ಸಲ ಸೇವಿಂಗ್ ಥ್ರೋ, ಅಂದರೆ ಮಂತ್ರದಿಂದ ತಪ್ಪಿಸಿಕೊಳ್ಳುವ ದಾಳದ ಎಸೆತ, ಮಾಡಬೇಕು. ಈ ಸಲ ತಪ್ಪಿಸಿಕೊಂಡವನು ಮುಂದಿನ ರೌಂಡ್‌ನಲ್ಲಿ ಸಿಕ್ಕಿಬೀಳಬಹುದು. ಬೇರೆ ಮಂತ್ರಗಳಲ್ಲಿ ಒಂದೇ ದಾಳ, ಗೆದ್ದರೆ ಗೆದ್ದ ಹಾಗೆ. ಇಲ್ಲಿ ಶತ್ರು ಮತ್ತೆ ಮತ್ತೆ ಗೆಲ್ಲಬೇಕು. ಡಕಾಯಿತರ ಶಿಬಿರದಲ್ಲಿ ಬ್ಲ್ಯಾಕ್ ಟ್ಯಾಲನ್ ಬಿಲ್ಲುಗಾರರು ಇರುತ್ತಾರೆ, ಹಿಮದ ಬಾಣ ಬಿಡುವವರು. ಅವರ ಒಂದು ಸುತ್ತಿನ ಬಾಣಕ್ಕೆ ನನ್ನ ಮುಂದಿನ ಸಾಲು ಅರ್ಧ ಖಾಲಿಯಾಗುತ್ತಿತ್ತು. ಅವರ ಗುಂಪಿನ ಮೇಲೆ ಎರಡು ವೆಬ್ ಹಾಕಿದೆ. ಬಾಣ ನಿಂತಿತು.

ತೊಂದರೆ ಏನೆಂದರೆ ಬಲೆಗೆ ನಮ್ಮವರು ತಮ್ಮವರು ಅಂತ ಇಲ್ಲ. ನಮ್ಮ ಫೈಟರ್ ಒಳಗೆ ಹೋದರೆ ಅವನೂ ಅಂಟಿಕೊಳ್ಳುತ್ತಾನೆ. ಆದ್ದರಿಂದ ದೂರದಿಂದ ಬಾಣ ಬಿಡಬೇಕು, ಇಲ್ಲವೇ ಫ್ರೀ ಆಕ್ಷನ್ (ಬಲೆಗೆ ಸಿಗದ ಶಕ್ತಿ) ಇರುವವರನ್ನು ಕಳಿಸಬೇಕು. ಕ್ಲೋಕ್‌ವುಡ್ ಕಾಡಿನ ಜೇಡರ ಗೂಡಿನಲ್ಲಿ ಸ್ಪೈಡರ್ಸ್ ಬೇನ್ ಅನ್ನುವ ಎರಡು ಕೈಯ ಕತ್ತಿ ಸಿಗುತ್ತದೆ. ಹಿಡಿದವರನ್ನು ಯಾವ ಬಲೆಯೂ ಹಿಡಿಯುವುದಿಲ್ಲ. ಅದನ್ನು ಜೊತೆಗಾರ ಮಿನ್ಸ್ಕ್ ಕೈಗೆ ಕೊಟ್ಟೆ. ಆಮೇಲೆ ನನ್ನ ಆಟದ ಕ್ರಮವೇ ಅದಾಯಿತು. ನಾನು ಬಲೆ ಹಾಕುವುದು, ಮಿನ್ಸ್ಕ್ ಅದರೊಳಗೆ ನಡೆದುಕೊಂಡು ಹೋಗುವುದು. ಅಂಟಿಕೊಂಡು ನಿಂತ ಹತ್ತು ಜನರ ನಡುವೆ ಒಬ್ಬನೇ ಓಡಾಡುವುದನ್ನು ನೋಡಿದಾಗ ಆದ ಖುಷಿ ಇಷ್ಟು ವರ್ಷದಲ್ಲಿ ಯಾವ ಆಟದಲ್ಲೂ ಆಗಿಲ್ಲ. ಆದರೆ ಅದೇ ಕ್ಲೋಕ್‌ವುಡ್‌ನಲ್ಲಿ ಜೇಡಗಳ ಮೇಲೆ ಈ ಮಂತ್ರ ನಡೆಯುವುದಿಲ್ಲ. ಬಲೆ ಅವುಗಳ ಮನೆ, ಅಲ್ವಾ. ಎರಡನೇ ಹಂತದ ಮುಂದಿನ ಮಂತ್ರ ಮಿರರ್ ಇಮೇಜ್, ನನ್ನದೇ ನಕಲಿ ರೂಪಗಳನ್ನು ಸುತ್ತ ನಿಲ್ಲಿಸುವುದು. ನನ್ನ ಜೀವ ಉಳಿಸುವ ಕೆಲಸ ಬೇರೆ ಯಾರೂ ಮಾಡುವುದಿಲ್ಲ, ಅದಕ್ಕೆ.

ಈಗ ಆರನೇ ಲೆವೆಲ್‌ನ ಆ ರಾತ್ರಿಗೆ ಬರುತ್ತೇನೆ. ಕೈ ಫೈರ್‌ಬಾಲ್ ಮೇಲೆ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ತಮ್ಮ, "ಅಣ್ಣಾ, ನಿನ್ನ ಹತ್ರ ಬೆಂಕಿ ದಂಡ ಇದೆಯಲ್ಲ, ಮತ್ತೆ ಇದ್ಯಾಕೆ?" ಅಂದ. ನಿಜ. ವಾಂಡ್ ಆಫ್ ಫೈರ್ ಆಗಲೇ ಚೀಲದಲ್ಲಿತ್ತು. ಅದರಿಂದ ಫೈರ್‌ಬಾಲ್ ಬರುತ್ತದೆ. ಈ ಆಟದಲ್ಲಿ ಸುಡುವ, ಹೆಪ್ಪುಗಟ್ಟಿಸುವ, ಸಿಡಿಲು ಹೊಡೆಸುವ ದಂಡಗಳಿಗೆ ಬರವಿಲ್ಲ. ಲೈಟ್ನಿಂಗ್ ಬೋಲ್ಟ್ ಬಗ್ಗೆ ಒಂದು ಎಚ್ಚರಿಕೆ ಬೇರೆ: ಗೋಡೆಗೆ ಬಡಿದು ವಾಪಸು ಬರುತ್ತದೆ. ಸಣ್ಣ ಕೋಣೆಯಲ್ಲಿ ಹಾಕಿದರೆ ನಮ್ಮವರೇ ಸಾಯುತ್ತಾರೆ. ನಾನು ಸ್ಲೋ ಆರಿಸಿದೆ.

ಸ್ಲೋ ಬಿದ್ದ ಶತ್ರುವಿನ ನಡಿಗೆ ಅರ್ಧ, ಹೊಡೆತವೂ ಅರ್ಧ. ಅದನ್ನು ತಪ್ಪಿಸಿಕೊಳ್ಳುವ ಸೇವಿಂಗ್ ಥ್ರೋಗೆ ನಾಲ್ಕರ ಕಡಿತ ಇದೆ. ಅಂದರೆ ತಪ್ಪಿಸಿಕೊಳ್ಳುವುದು ಸುಲಭ ಅಲ್ಲ. ಮತ್ತೆ ಇದು ನಮ್ಮವರನ್ನು ಮುಟ್ಟುವುದಿಲ್ಲ, ಆದ್ದರಿಂದ ಜಗಳದ ನಟ್ಟನಡುವೆ ಹಾಕಬಹುದು. ಫೈರ್‌ಬಾಲ್ ಹಾಗಲ್ಲ. ನಮ್ಮವರು ಶತ್ರುವಿನ ಜೊತೆ ಕೈ ಮಿಲಾಯಿಸಿದ ಮೇಲೆ ಅದನ್ನು ಹಾಕಲು ಆಗುವುದಿಲ್ಲ. ಹಾಕಿದರೂ ಸಾಯದೆ ಉಳಿದವನು ಮೊದಲಿನಷ್ಟೇ ಜೋರಾಗಿ ಹೊಡೆಯುತ್ತಾನೆ. ಅರ್ಧ ಜೀವ ಇರುವ ಓಗರ್ ಪೂರ್ತಿ ಓಗರ್‌ನಷ್ಟೇ ಹೊಡೆಯುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಸಲ ಆಟ ಮುಗಿಸಬೇಕಾಯಿತು.

ಮುಂದಿನದು ಹೇಸ್ಟ್, ನಮ್ಮವರ ವೇಗ ಹೆಚ್ಚಿಸುವ ಮಂತ್ರ. ಮೊದಲು ಇಷ್ಟ ಇರಲಿಲ್ಲ, ಯಾಕೆಂದರೆ ಮುಗಿದ ಮೇಲೆ ಎಲ್ಲರಿಗೂ ಸುಸ್ತು ಹತ್ತುತ್ತದೆ. ಆದರೆ ಮೊದಲ ಭಾಗದ ಕೊನೆಯ ಶತ್ರು ಸರೆವೊಕ್ ಎದುರು ನಿಂತಾಗ ಅದರ ಬೆಲೆ ಗೊತ್ತಾಯಿತು. ಅವನ ಜೊತೆ ಸೆಮಾಜ್, ಆಂಜೆಲೊ, ಟಾಜೋಕ್ ಇರುತ್ತಾರೆ. ಸರೆವೊಕ್‌ಗೆ ಮಂತ್ರ ತಡೆಯುವ ಶಕ್ತಿ ಜಾಸ್ತಿ. ಅವನ ಮೇಲೆ ಹಾಕಿದ ನನ್ನ ಸ್ಲೋ ಮೂರು ಸಲ ಜಾರಿಹೋಯಿತು. ನಮ್ಮವರ ಮೇಲೆ ಹಾಕಿದ ಹೇಸ್ಟ್‌ಗೆ ಯಾರ ತಡೆಯೂ ಇಲ್ಲ. ಸೆಮಾಜ್‌ನ ಮಂತ್ರವನ್ನು ಮ್ಯಾಜಿಕ್ ಮಿಸೈಲ್‌ನಿಂದ ಕೆಡಿಸುತ್ತಾ, ಉಳಿದದ್ದನ್ನು ಫೈಟರ್‌ಗಳಿಗೆ ಬಿಟ್ಟೆ. ಗೆದ್ದೆವು.

ಎರಡನೇ ಭಾಗದಲ್ಲಿ ಲೆಕ್ಕ ಬದಲಾಗುತ್ತದೆ. ಅಥ್ಕಟ್ಲಾ ಊರಿನ ಬೀದಿಯಲ್ಲಿ ಪರವಾನಗಿ ಇಲ್ಲದೆ ಮಂತ್ರ ಹಾಕಿದರೆ ಅದರ ಮೇಲೆ ಕಣ್ಣಿಟ್ಟಿರುವ ಕೌಲ್ಡ್ ವಿಜರ್ಡ್‌ಗಳು ಪ್ರತ್ಯಕ್ಷ ಆಗುತ್ತಾರೆ. ಪರವಾನಗಿಗೆ 5,000 ಚಿನ್ನ. ಸಾರ್ಸರರ್ ಆಗಿ ಆಡುವವರು ಬೇರೆ ಖರ್ಚಿಗಿಂತ ಮೊದಲು ಇದನ್ನು ಮುಗಿಸಿಕೊಳ್ಳಿ. ಆಮೇಲೆ ಶತ್ರು ಮಂತ್ರವಾದಿಗಳು. ಇವರು ಜಗಳ ಶುರುವಾಗುವ ಹೊತ್ತಿಗೆ ಮೈತುಂಬಾ ರಕ್ಷಣೆ ಹೊದ್ದುಕೊಂಡಿರುತ್ತಾರೆ. ಸ್ಟೋನ್‌ಸ್ಕಿನ್, ಮಿರರ್ ಇಮೇಜ್, ಇಂಪ್ರೂವ್ಡ್ ಇನ್‌ವಿಸಿಬಿಲಿಟಿ, ಪ್ರೊಟೆಕ್ಷನ್ ಫ್ರಮ್ ಮ್ಯಾಜಿಕಲ್ ವೆಪನ್ಸ್. ಇಲ್ಲಿ ಹೊಡೆಯುವ ಮಂತ್ರಕ್ಕಿಂತ ಬಿಚ್ಚುವ ಮಂತ್ರಕ್ಕೆ ಬೆಲೆ. ಕಾಣದವನ ಮೇಲೆ ನೇರವಾಗಿ ಮಂತ್ರ ಗುರಿಯಿಡಲು ಬರುವುದಿಲ್ಲ. ಹಾಗಾಗಿ ಮೊದಲು ಟ್ರೂ ಸೈಟ್‌ನಿಂದ ಮಾಯೆ ಕಳಚಬೇಕು. ಆಮೇಲೆ ಬ್ರೀಚ್‌ನಿಂದ ಸ್ಟೋನ್‌ಸ್ಕಿನ್ ಮತ್ತು ಆಯುಧ ತಡೆ ಹೋಗಬೇಕು. ಆಗ ಮಾತ್ರ ಫೈಟರ್‌ನ ಕತ್ತಿ ಅವನನ್ನು ಮುಟ್ಟುತ್ತದೆ.

ಬ್ರೀಚ್ ಐದನೇ ಹಂತ, ಅದನ್ನು ಕಣ್ಣು ಮುಚ್ಚಿ ಕಲಿತೆ. ಟ್ರೂ ಸೈಟ್ ಆರನೇ ಹಂತ, ಅದನ್ನು ಕಲಿಯಲಿಲ್ಲ. ಯಾಕೆಂದರೆ ಊರಿನ ಚರಂಡಿಯ ಕೆಳಗೆ ಕೆಲ್ಡಾರ್ನ್ ಸಿಗುತ್ತಾನೆ. ಇನ್‌ಕ್ವಿಸಿಟರ್, ಅಂದರೆ ಮಂತ್ರವಾದಿಗಳನ್ನು ಎದುರಿಸುವ ಯೋಧ. ಅವನಿಗೆ ಟ್ರೂ ಸೈಟ್ ತಾನಾಗಿ ಬರುತ್ತದೆ, ಮಂತ್ರ ಅಳಿಸುವ ಶಕ್ತಿಯೂ ತುಂಬಾ ಜೋರು. ಆ ಒಬ್ಬ ಮುದುಕ ನನ್ನ ಆರನೇ ಹಂತದಲ್ಲಿ ಒಂದು ಪೂರ್ತಿ ಜಾಗ ಉಳಿಸಿಕೊಟ್ಟ. ಮಂತ್ರ ಆರಿಸುವುದೂ ಗೆಳೆಯರನ್ನು ಆರಿಸುವುದೂ ಒಂದೇ ಲೆಕ್ಕದ ಎರಡು ಭಾಗ ಅಂತ ಅರ್ಥವಾದದ್ದು ಅವನಿಂದ. ಲಿಚ್‌ಗಳ (ಸತ್ತ ಮೇಲೂ ಓಡಾಡುವ ಮಂತ್ರವಾದಿಗಳು) ಹತ್ತಿರ ಮಾತ್ರ ಹುಷಾರಾಗಿರಿ. ಐದನೇ ಹಂತದವರೆಗಿನ ಯಾವ ಮಂತ್ರವೂ ಅವಕ್ಕೆ ತಗಲುವುದಿಲ್ಲ. ಬ್ರೀಚ್ ಅಲ್ಲಿ ಸುಮ್ನೆ ವ್ಯರ್ಥ.

ಉಳಿದಂತೆ ನಾಲ್ಕನೇ ಹಂತದಲ್ಲಿ ಸ್ಟೋನ್‌ಸ್ಕಿನ್ ಇಲ್ಲದೆ ಸಾರ್ಸರರ್ ಬದುಕುವುದು ಕಷ್ಟ. ಒಂದು ಸಲ ಹಾಕಿದರೆ ಅರ್ಧ ದಿನ ಮೈಮೇಲೆ ಇರುತ್ತದೆ. ಅದೇ ಹಂತದ ಗ್ರೇಟರ್ ಮ್ಯಾಲಿಸನ್ ಶತ್ರುಗಳ ಸೇವಿಂಗ್ ಥ್ರೋವನ್ನು ಇನ್ನೂ ನಾಲ್ಕು ಇಳಿಸುತ್ತದೆ. ಅದರ ಹಿಂದೆ ಹಳೆಯ ಸ್ಲೋ ಹಾಕಿ ನೋಡಿ, ಮೊದಲ ಭಾಗದಲ್ಲಿ ಕಲಿತ ಮಂತ್ರ ಎರಡನೇ ಭಾಗದಲ್ಲೂ ಹೇಗೆ ನಡೆಯುತ್ತದೆ ಅಂತ. ಹೊಡೆಯುವ ಮಂತ್ರ ಒಂದಾದರೂ ಬೇಕು ಅನ್ನುವವರಿಗೆ ನನ್ನ ಆಯ್ಕೆ ಸ್ಕಲ್ ಟ್ರ್ಯಾಪ್. ಫೈರ್‌ಬಾಲ್ ಹತ್ತು ದಾಳಕ್ಕೆ ನಿಲ್ಲುತ್ತದೆ, ಇದು ಅಲ್ಲಿಗೆ ನಿಲ್ಲದೆ ಬೆಳೆಯುತ್ತದೆ. ಬೆಂಕಿ ತಡೆಯುವ ಜೀವಿಗಳು ಬೇಕಾದಷ್ಟಿವೆ, ಇದನ್ನು ತಡೆಯುವವು ಕಡಿಮೆ.

ಆಟದ ಕೊರತೆಗಳನ್ನೂ ಹೇಳಬೇಕು. ದೊಡ್ಡ ಕೊರತೆ, ಲೆವೆಲ್ ಏರುವ ಪರದೆಯಲ್ಲಿ ಕೆಟ್ಟ ಮಂತ್ರವೂ ಒಳ್ಳೆಯದೂ ಒಂದೇ ಥರ ಕಾಣುತ್ತವೆ. ವಿವರಣೆ ಉದ್ದ ಇರುತ್ತದೆ, ಆದರೆ ಬೇಕಾದ ಮಾತು ಅದರಲ್ಲಿ ಹುಡುಕಬೇಕು. ನಮ್ಮವರಿಗೂ ತಗಲುತ್ತದಾ, ಸೇವಿಂಗ್ ಥ್ರೋಗೆ ಎಷ್ಟು ಕಡಿತ, ಇವೆರಡು ಮೊದಲ ಸಾಲಿನಲ್ಲಿ ಇರಬೇಕಿತ್ತು. ಹೊಸಬರು ಪುಟ್ಟ ಸಾಕುಜೀವಿಯನ್ನು ಕರೆಯುವ ಫೈಂಡ್ ಫೆಮಿಲಿಯರ್ ನೋಡಿ ಆಸೆಪಟ್ಟು ಕಲಿತರೆ, ಒಂದು ಸಲ ಹಾಕುವ ಮಂತ್ರಕ್ಕೆ ಇಡೀ ಆಟದ ಜಾಗ ಹೋಯಿತು. ಅದನ್ನು ತಡೆಯಲು ಆಟ ಒಂದು ಮಾತೂ ಹೇಳುವುದಿಲ್ಲ. ಎರಡನೆಯದು, ಹೆಚ್ಚಿನ ಕಡೆ ಎಂಟು ಗಂಟೆ ಮಲಗಿ ಎಲ್ಲ ಮಂತ್ರ ವಾಪಸು ಪಡೆಯಬಹುದು. ಕಾಡಿನಲ್ಲಿ ಆಗಾಗ ದಾಳಿ ಆಗುತ್ತದೆ, ಅಷ್ಟೇ. ಪ್ರತಿ ಜಗಳದ ನಂತರ ಮಲಗಿದರೆ ಉಳಿಸುವ, ಅಳೆದು ಹಾಕುವ ರುಚಿ ಹೋಗುತ್ತದೆ. ನಾನೇ ಒಂದು ನಿಯಮ ಮಾಡಿಕೊಂಡೆ: ಒಂದು ಗುಹೆ ಅಥವಾ ಒಂದು ಕಟ್ಟಡ ಮುಗಿಯುವವರೆಗೆ ಮಲಗುವುದಿಲ್ಲ. ಹಾಗೆ ಆಡಿದಾಗ ಪ್ರತಿ ವೆಬ್ ಎಷ್ಟು ದುಬಾರಿ ಅಂತ ಗೊತ್ತಾಗುತ್ತದೆ. ಮೂರನೆಯದು, ಎರಡನೇ ಭಾಗದ ಕೊನೆಯಲ್ಲಿ ಮಂತ್ರವಾದಿಗಳ ಜಗಳ ಸ್ವಲ್ಪ ಒಂದೇ ಥರ ಆಗುತ್ತದೆ. ಬಿಚ್ಚು, ಬಿಚ್ಚು, ಹೊಡಿ.

ಆದರೂ ಮೊದಲ ಸಲ ಆಡುವವರಿಗೆ ನಾನು ಮೇಜ್ ಆಗಿ ಆಡಿ ಅಂತ ಹೇಳುತ್ತೇನೆ. ಎಲ್ಲ ಮಂತ್ರ ಒಮ್ಮೆ ಹಾಕಿ ನೋಡಬೇಕು. ಎರಡನೇ ಸಲ ಖಂಡಿತ ಸಾರ್ಸರರ್. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಉಳಿದ ಅರ್ಧ ಆ ವಿವರಣೆಗಳಿಗಾಗಿ ಕಳೆದದ್ದು.

ಈಗ ನನ್ನ ಸಾರ್ಸರರ್ ಎರಡನೇ ಭಾಗದ ಮುಂದುವರಿಕೆಯಾದ ಥ್ರೋನ್ ಆಫ್ ಬಾಲ್‌ನಲ್ಲಿದ್ದಾಳೆ. ಒಂಬತ್ತನೇ ಹಂತದಲ್ಲಿ ಟೈಮ್ ಸ್ಟಾಪ್ ಇದೆ. ಮೊದಲ ಸಾಲಿನಲ್ಲಿ ಸ್ಲೀಪ್‌ನ ಚಿತ್ರ ಇನ್ನೂ ಹಾಗೇ ಇದೆ. ಎರಡನೇ ಭಾಗಕ್ಕೆ ಬಂದ ಮೇಲೆ ಅದನ್ನು ಎರಡೋ ಮೂರೋ ಸಲ ಹಾಕಿರಬಹುದು, ಇಲ್ಲಿನ ಶತ್ರುಗಳು ಅದಕ್ಕೆ ಬಗ್ಗುವವರಲ್ಲ. ಆ ಜಾಗದಲ್ಲಿ ಬೇರೆ ಏನಿದ್ದರೆ ಚೆನ್ನಾಗಿತ್ತು ಅಂತ ಪಟ್ಟಿ ತೆರೆದು ನೋಡಿದೆ. ನಾಷ್ಕೆಲ್ ಗಣಿಯಲ್ಲಿ ಅದರ ಕೆಲಸ ಮಾಡುವ ಇನ್ನೊಂದು ಹೆಸರು ಆ ಹಂತದಲ್ಲಿ ನನಗೆ ಸಿಗಲಿಲ್ಲ.